ಹರಳಿಗೂ ಬಿಸಿಲು ತಾಗುತ್ತೆ ಸ್ವಾಮೀ!

"ಅದನ್ನ ಸಾಫ್ಟ್‌ವೇರ್‌ನಲ್ಲಿ ನೋಡ್ಕೊಳ್ಳೋಣ ಬಿಡಿ..."

ನಮ್ಮ ಕಸುಬಿನಲ್ಲಿ ಇದಕ್ಕಿಂತ ಹೆಚ್ಚು ಸಲ ಕಿವಿಗೆ ಬೀಳೋ ಮಾತು ಇನ್ನೊಂದಿಲ್ಲ. ಬೇರೆ ಯಾವುದರ ಬಗ್ಗೆ ಬೇಕಾದ್ರೂ ಹೇಳಿ, ನನ್ನ ತಕರಾರಿಲ್ಲ. ಆದ್ರೆ ರೇಡಿಯೋ ಇರೋ ಬೋರ್ಡಿನ ಕ್ರಿಸ್ಟಲ್ ಆಸಿಲೇಟರ್ ಬಗ್ಗೆ ಹೇಳಿದಾಗ ಮಾತ್ರ ನನಗೆ ಪಿತ್ತ ನೆತ್ತಿಗೇರುತ್ತೆ. ಕನ್ನಡದಲ್ಲಿ ಬ್ಲಾಗಿಸೋ ನಮ್ಮಲ್ಲಿ ಮುಕ್ಕಾಲು ಪಾಲು ಜನ ಸಾಫ್ಟ್‌ವೇರ್ ಕೂಲಿಗಳೇ ಆಗಿರೋದ್ರಿಂದ ಈ ಜಗಳವನ್ನ ಇಲ್ಲೇ ತೆಗೀತಿದ್ದೀನಿ.

ನನ್ನ ವಾದ ಇಷ್ಟೇ. ಸಾಫ್ಟ್‌ವೇರ್ ಸ್ಥಿರತೆಯನ್ನ ಹುಟ್ಟಿಸೋದಿಲ್ಲ. ಇನ್ನೊಬ್ಬರ ಹತ್ತಿರ ಇರೋದನ್ನ ಕಡ ತರುತ್ತೆ. ಕಡ ಕೊಡೋರು ಇಲ್ಲದ ಜಾಗದಲ್ಲಿ ಎಷ್ಟು ಸಾವಿರ ಸಾಲು ಕೋಡ್ ಬರೆದ್ರೂ ಅಷ್ಟೇ!

ಮೊದಲು ಆ ಹರಳಿನ ಪರಿಚಯ ಮಾಡ್ಕೊಳ್ಳೋಣ. ಕ್ವಾರ್ಟ್ಜ್ ಹರಳನ್ನ ಒತ್ತಿದ್ರೆ ವಿದ್ಯುತ್ ಹುಟ್ಟುತ್ತೆ ಅಂತ ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ರು. ವಿದ್ಯುತ್ ಕೊಟ್ರೆ ಹರಳು ಮಿಸುಕುತ್ತೆ ಅನ್ನೋದು ಅದರ ಇನ್ನೊಂದು ಮುಖ. ತೆಳುವಾಗಿ ಸೀಳಿದ ಹರಳಿನ ಬಿಲ್ಲೆ ತನ್ನದೇ ಒಂದು ಆವರ್ತನದಲ್ಲಿ ಕಂಪಿಸುತ್ತೆ. ಅದನ್ನ ಆಂಪ್ಲಿಫೈಯರ್ ಜೊತೆ ಸುತ್ತುಹಾಕಿದ್ರೆ ಆಸಿಲೇಟರ್ ರೆಡಿ. ಕಾಯಿಲ್ ಮತ್ತು ಕೆಪಾಸಿಟರ್ ಸೇರಿಸಿ ಮಾಡಿದ ಸರ್ಕ್ಯೂಟಿನ 'ಕ್ಯೂ' ನೂರರ ಆಸುಪಾಸಿನಲ್ಲಿದ್ರೆ ಹರಳಿನದ್ದು ಹತ್ತು ಸಾವಿರದಿಂದ ಲಕ್ಷ ದಾಟುತ್ತೆ. ಅದಕ್ಕೇ ಅದಕ್ಕೆ ಅಷ್ಟು ಮರ್ಯಾದೆ.

ಆದ್ರೆ ಹರಳು ದೇವರಲ್ಲ, ಕಲ್ಲು. ಬಿಸಿಯಾದ್ರೆ ಅದರ ಗುಣ ಬದಲಾಗುತ್ತೆ. ಯಾವ ಕೋನದಲ್ಲಿ ಸೀಳ್ತೀವಿ ಅನ್ನೋದರ ಮೇಲೆ ಎಷ್ಟು ಬದಲಾಗುತ್ತೆ ಅನ್ನೋದು ನಿಂತಿದೆ. 1934ರಲ್ಲಿ ಬೆಲ್ ಲ್ಯಾಬ್ಸ್‌ನವರು ಪ್ರಕಟಿಸಿದ ಎಟಿ ಕಟ್ ಅನ್ನೋದು ಸುಮಾರು 35 ಡಿಗ್ರಿ 15 ಮಿನಿಟ್ ಕೋನದ ಸೀಳು. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಅದರ ಆವರ್ತನ ಹೆಚ್ಚೂ ಕಡಿಮೆ ಅಲ್ಲಾಡಲ್ಲ. ದೂರ ಹೋದಂತೆ ಮಾತ್ರ ಗ್ರಾಫು ಸರ್ರಂತ ಏರುತ್ತೆ ಇಲ್ಲಾ ಇಳಿಯುತ್ತೆ. ಕೈಗಡಿಯಾರದ 32,768 ಹರ್ಟ್ಜ್ ಹರಳಿನ ಕಥೆ ಬೇರೆ. ಅದು 25 ಡಿಗ್ರಿಯಿಂದ ಆ ಕಡೆ ಹೋದ್ರೂ ಈ ಕಡೆ ಹೋದ್ರೂ ನಿಧಾನವೇ ಆಗುತ್ತೆ. 45 ಡಿಗ್ರಿಯಲ್ಲಿ ಸುಮಾರು 14 ಪಿಪಿಎಂ, ಅಂದ್ರೆ ದಿನಕ್ಕೆ ಒಂದು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಹಿಂದೆ ಬೀಳುತ್ತೆ.

ಪಿಪಿಎಂ ಅಂದ್ರೆ ಹತ್ತು ಲಕ್ಷದಲ್ಲಿ ಒಂದು ಪಾಲು. "20 ಪಿಪಿಎಂ ಅಂದ್ರೆ 0.002 ಪರ್ಸೆಂಟ್, ಯಾವ ಮಹಾ!" ಅನ್ನೋರು ಒಂದು ನಿಮಿಷ ತಾಳಿ. ದಿನಕ್ಕೆ 86,400 ಸೆಕೆಂಡು, ಅದರಲ್ಲಿ 20 ಪಿಪಿಎಂ ಅಂದ್ರೆ 1.7 ಸೆಕೆಂಡು. ಗೋಡೆ ಗಡಿಯಾರಕ್ಕೆ ನಡೆಯುತ್ತೆ, ಸರಿ. ಅದೇ 20 ಪಿಪಿಎಂ 866 ಮೆಗಾಹರ್ಟ್ಜ್‌ನಲ್ಲಿ 17 ಕಿಲೋಹರ್ಟ್ಜ್ ಆಗುತ್ತೆ. ನಿಮ್ಮ ಚಾನೆಲ್ಲಿನ ಅಗಲವೇ 12.5 ಕಿಲೋಹರ್ಟ್ಜ್ ಆಗಿದ್ರೆ? ನೀವು ನಿಮ್ಮ ಮನೆ ಅಂತ ಬಾಗಿಲು ತಟ್ಟಿದ್ದು ಪಕ್ಕದ ಮನೆಯದ್ದು!

ಇದೇನು ಕಟ್ಟುಕಥೆ ಅಲ್ಲ. ನಾನು ಹತ್ತಿರದಿಂದ ಕಂಡ ಒಂದು ಪ್ರಾಜೆಕ್ಟಿನಲ್ಲಿ (ಕಂಪನಿ ಹೆಸರು ಬೇಡ ಬಿಡಿ) ಹಳ್ಳಿಗಳ ಓವರ್‌ಹೆಡ್ ಟ್ಯಾಂಕಿನ ಮೇಲೆ ನೀರಿನ ಮಟ್ಟ ಅಳೆಯೋ ಪುಟ್ಟ ಪೆಟ್ಟಿಗೆ ಕೂರಿಸಿದ್ರು. ಬ್ಯಾಟರಿಯಲ್ಲಿ ಓಡುತ್ತೆ, 866 ಮೆಗಾಹರ್ಟ್ಜ್ ರೇಡಿಯೋ, ಚಾನೆಲ್ಲು ಅದೇ 12.5. ಹಾರ್ಡ್‌ವೇರ್ ಹುಡುಗ ಟಿಸಿಎಕ್ಸ್‌ಒ ಬೇಕು ಅಂತ ಮೊದಲೇ ಕೇಳಿದ್ದ. ಟಿಸಿಎಕ್ಸ್‌ಒ ಅಂದ್ರೆ ಉಷ್ಣತೆಗೆ ತಕ್ಕಂತೆ ತನ್ನನ್ನ ತಾನೇ ತಿದ್ದಿಕೊಳ್ಳೋ ಆಸಿಲೇಟರ್, ಒಂದೆರಡು ಪಿಪಿಎಂ ಒಳಗೇ ಇರುತ್ತೆ. ಒಂದು ಪೆಟ್ಟಿಗೆಗೆ ಒಂದೆರಡು ಕಾಫಿ ದುಡ್ಡು ಹೆಚ್ಚಾಗುತ್ತೆ ಅಂತ ಮೀಟಿಂಗಿನಲ್ಲಿ ಅದನ್ನ ಹೊಡೆದುಹಾಕಿದ್ರು. "ಕಾರ್ಖಾನೆಯಲ್ಲೇ ಪ್ರತಿ ಪೆಟ್ಟಿಗೆಯ ಹರಳು ಎಷ್ಟು ತಪ್ಪಿದೆ ಅಂತ ಅಳೆದು ಬರೆದಿಟ್ಕೊಳ್ಳೋಣ, ಉಳಿದದ್ದು ಸಾಫ್ಟ್‌ವೇರ್‌ನಲ್ಲಿ..."

ಬೆಂಗಳೂರಿನ ಏಸಿ ರೂಮಿನಲ್ಲಿ ಎಲ್ಲ ಸೊಗಸಾಗಿ ನಡೀತು. ಕಲಬುರಗಿ ಕಡೆಯ ಮೇ ತಿಂಗಳ ಬಿಸಿಲಿಗೆ ಪೆಟ್ಟಿಗೆಯೊಳಗೆ 60 ಡಿಗ್ರಿ ದಾಟಿತು. ನಾನು ಸರ್ವರ್ ಕಡೆ ಇದ್ದೆ, ಲಾಗು ಕಣ್ಣ ಮುಂದೇ ಇತ್ತು. ಕಾಣೆಯಾದ ಪ್ಯಾಕೆಟ್ಟುಗಳನ್ನ ಗಂಟೆವಾರು ಜೋಡಿಸಿದ್ರೆ ಬೆಳಗ್ಗೆ ಎಲ್ಲ ಹಾಜರು, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಎಲ್ಲ ಗೈರು, ಸಂಜೆ ಮತ್ತೆ ಹಾಜರು. ಇದಕ್ಕೆ ಸಿಕ್ಕ ಪರಿಹಾರ ಏನು ಗೊತ್ತೇ? ಉತ್ತರ ಬರದಿದ್ರೆ ಮತ್ತೆ ಮತ್ತೆ ಕಳಿಸೋದು! ತಪ್ಪು ಬಾಗಿಲನ್ನ ಮೂರು ಸಲ ತಟ್ಟೋ ಬದಲು ಹತ್ತು ಸಲ ತಟ್ಟಿದ್ರು. ವರ್ಷಗಟ್ಟಲೆ ಬರಬೇಕಿದ್ದ ಬ್ಯಾಟರಿ ತಿಂಗಳುಗಳಲ್ಲಿ ಖಾಲಿ. ನೀರುಗಂಟಿ ಮತ್ತೆ ಏಣಿ ಹತ್ತಿ ಟ್ಯಾಂಕಿನೊಳಗೆ ಇಣುಕಿ ನೋಡೋ ಹಾಗಾಯ್ತು. ಕೊನೆಗೆ ಬೋರ್ಡೇ ಬದಲಾಯ್ತು, ಟಿಸಿಎಕ್ಸ್‌ಒ ಬಂತು. ಉಳಿಸಿದ ಕಾಫಿ ದುಡ್ಡಿಗೆ ಊರೂರು ಸುತ್ತಿದ ಜೀಪಿನ ಡೀಸೆಲ್ ಎಷ್ಟು ಅಂತ ಯಾರೂ ಲೆಕ್ಕ ಹಾಕಲಿಲ್ಲ.

ಮಧ್ಯೆ ಇನ್ನೊಬ್ಬ ಜಾಣರು "ರಿಸೀವರಿನ ಫಿಲ್ಟರ್ ಅಗಲ ಮಾಡಿ, ಎಲ್ಲಿಂದ ಬಂದ್ರೂ ಹಿಡೀತೀವಿ" ಅಂದಿದ್ರು. ಕಿಟಕಿ ದೊಡ್ಡದು ಮಾಡಿದ್ರೆ ಗಾಳಿ ಜೊತೆ ಧೂಳೂ ಒಳಗೆ ಬರುತ್ತೆ ಸ್ವಾಮೀ. 12.5ರಿಂದ 50 ಕಿಲೋಹರ್ಟ್ಜ್‌ಗೆ ಹೋದ್ರೆ ಗದ್ದಲ ನಾಲ್ಕು ಪಟ್ಟು, ಅಂದ್ರೆ 6 ಡಿಬಿ. ಅಡ್ಡಿಯೇ ಇಲ್ಲದ ಬಯಲಿನಲ್ಲೂ ತಲುಪೋ ದೂರ ಅರ್ಧಕ್ಕೆ ಇಳಿಯುತ್ತೆ.

"ಹಂಗಾದ್ರೆ ಮೊಬೈಲ್ ಹೆಂಗೆ ನಡೀತಿದೆ? ಅದರಲ್ಲೂ ಅಗ್ಗದ ಹರಳೇ ಅಲ್ವಾ?" ಅಂತ ಕೇಳೋರಿದ್ದಾರೆ. ಒಳ್ಳೇ ಪ್ರಶ್ನೆ, ನನ್ನ ವಾದಕ್ಕೆ ಇದೇ ಸಾಕ್ಷಿ! ಮೊಬೈಲ್ ತನ್ನ ಆವರ್ತನವನ್ನ 0.1 ಪಿಪಿಎಂ ಒಳಗೆ ಇಟ್ಕೋಬೇಕು. ಯಾರಿಗೆ ಹೋಲಿಸಿ? ಗೋಪುರದಿಂದ ಬರೋ ಸಿಗ್ನಲ್ಲಿಗೆ ಹೋಲಿಸಿ. ಗೋಪುರದ್ದನ್ನ ಕೇಳಿಸಿಕೊಂಡು, ತನ್ನದು ಎಷ್ಟು ಸರಿದಿದೆ ನೋಡಿ, ತಿದ್ದಿಕೊಳ್ಳುತ್ತೆ. ದೊಡ್ಡ ಗೋಪುರದವನು 0.05 ಪಿಪಿಎಂ ಒಳಗಿರಬೇಕು ಅಂತ ನಿಯಮ ಇದೆ. ಅವನಿಗೆ ಅದು ಜಿಪಿಎಸ್‌ನಿಂದಲೋ ಜಾಲದಿಂದಲೋ ಬರುತ್ತೆ, ಅವು ಕೈಕೊಟ್ಟಾಗ ಒಳಗಿರೋ ಓಸಿಎಕ್ಸ್‌ಒ ಕಾಯುತ್ತೆ. ಓಸಿಎಕ್ಸ್‌ಒ ಅಂದ್ರೆ ಹರಳನ್ನ ಪುಟ್ಟ ಒಲೆಯಲ್ಲಿ ಕೂರಿಸಿ ಸದಾ ಒಂದೇ ಬಿಸಿಯಲ್ಲಿ ಇಡೋದು. ಹೀಗೆ ಮೊಬೈಲು ಗೋಪುರದ ಹತ್ತಿರ, ಗೋಪುರ ಉಪಗ್ರಹದ ಹತ್ತಿರ ಕಡ ತರುತ್ತೆ. ಸಾಲದ ಸರಪಳಿ ಒಂದಲ್ಲ ಒಂದು ಕಡೆ ಒಳ್ಳೇ ಆಸಿಲೇಟರಿಗೇ ಹೋಗಿ ನಿಲ್ಲಬೇಕು.

ವೈ-ಫೈ ಕೂಡ ಹಾಗೇ. 5 ಗಿಗಾಹರ್ಟ್ಜ್‌ನಲ್ಲಿ ±20 ಪಿಪಿಎಂ ತಪ್ಪಿದ್ರೂ ರಿಸೀವರ್ ಪ್ಯಾಕೆಟ್ಟಿನ ತಲೆಭಾಗ ನೋಡಿ ಸರಿಪಡಿಸುತ್ತೆ. ಯಾಕೆ ಸಾಧ್ಯ ಆಯ್ತು? "20 ದಾಟಲ್ಲ" ಅಂತ ಹರಳು ಮೊದಲೇ ಮಾತು ಕೊಟ್ಟಿದೆ. ಗೆರೆ ಎಳೆದವನು ಹಾರ್ಡ್‌ವೇರ್‌ನವನು, ಗೆರೆಯೊಳಗೆ ಆಟ ಆಡೋದು ಸಾಫ್ಟ್‌ವೇರು. ಹೆಸರು ಮಾತ್ರ ಯಾವಾಗಲೂ ಆಟಗಾರನಿಗೆ!

ಇನ್ನು ಕಡ ತಂದೂ ತೀರದ ರೋಗ ಒಂದಿದೆ, ಫೇಸ್ ನಾಯ್ಸ್. ಶ್ರುತಿಪೆಟ್ಟಿಗೆ ಅರ್ಧ ಮನೆ ಮೇಲೆ ಹೋಯ್ತು ಅಂದ್ರೆ ಹಾಡೋರು ಜೊತೆಗೇ ಮೇಲೆ ಹೋಗಬಹುದು. ಶ್ರುತಿಯೇ ಕ್ಷಣಕ್ಷಣಕ್ಕೂ ನಡುಗ್ತಾ ಇದ್ರೆ ಯಾವ ವಿದ್ವಾಂಸರು ತಾನೆ ಏನು ಮಾಡಿಯಾರು? ಪಿಎಲ್ಎಲ್ ಹಾಕಿ 10 ಮೆಗಾಹರ್ಟ್ಜ್ ಹರಳನ್ನ 240 ಪಟ್ಟು ಮಾಡಿ 2.4 ಗಿಗಾಹರ್ಟ್ಜ್ ಮಾಡ್ತೀವಲ್ಲ, ಆಗ ಪಿಪಿಎಂ ಅಷ್ಟೇ ಇರುತ್ತೆ. ಆದ್ರೆ ಹರಳಿನ ಹತ್ತಿರದ ಆ ನಡುಕ ಸುಮಾರು 48 ಡಿಬಿ ಹೆಚ್ಚಾಗುತ್ತೆ. ನಿಧಾನಕ್ಕೆ ಸರಿಯೋ ತಪ್ಪನ್ನ ಅಳೆದು ತಿದ್ದಬಹುದು. ಅಳೆಯೋಕೆ ಮುಂಚೆ ಬದಲಾಗಿ ಹೋಗೋದನ್ನ ತಿದ್ದೋದು ಹೇಗೆ?

"ಏನೇ ಆದ್ರೂ ಮೇಲೆ ಉಪಗ್ರಹ ಇದೆಯಲ್ಲ" ಅಂತೀರಾ? ಅಲ್ಲಿಗೂ ಹೋಗಿ ಬರೋಣ. ನಮ್ಮದೇ ನಾವಿಕ್ ವ್ಯವಸ್ಥೆಯ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿ ಹೊರದೇಶದಿಂದ ತರಿಸಿದ ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ವು. ಮೂರೂ ಕೆಟ್ಟವು ಅನ್ನೋ ಸುದ್ದಿ 2017ರ ಜನವರಿಯಲ್ಲಿ ಹೊರಬಂತು. ಉಪಗ್ರಹ ಸತ್ತಿರಲಿಲ್ಲ, ಗಡಿಯಾರ ನಿಂತಿತ್ತು. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತೆ. ಹೀಗಿರುವಾಗ ಕಾಲ ಗೊತ್ತಿಲ್ಲದ ಉಪಗ್ರಹ ಸ್ಥಾನ ಹೇಳೋದಕ್ಕೆ ಬರಲ್ಲ. ಅದರ ಬದಲಿಗೆ ಅಂತ 2017ರ ಆಗಸ್ಟ್‌ನಲ್ಲಿ ಹಾರಿಸಿದ 1ಎಚ್ ಕಕ್ಷೆ ಸೇರಲಿಲ್ಲ, 2018ರಲ್ಲಿ 1ಐ ಹೋಯ್ತು. ಇಸ್ರೋ ಇಂಜಿನಿಯರುಗಳಿಗೆ ಕೋಡ್ ಬರೆಯೋದು ಗೊತ್ತಿರಲಿಲ್ವಾ? ಗೊತ್ತಿತ್ತು. ಕೋಡ್ ಬರೆದು ಗಡಿಯಾರ ಮಾಡೋಕಾಗಲ್ಲ ಅನ್ನೋದೂ ಗೊತ್ತಿತ್ತು. ಅದಕ್ಕೇ ಅಹಮದಾಬಾದಿನ ತಮ್ಮ ಕೇಂದ್ರದಲ್ಲಿ ಸ್ವಂತ ರುಬಿಡಿಯಂ ಗಡಿಯಾರ ಮಾಡಿ 2023ರ ಮೇ 29ರಂದು ಎನ್‌ವಿಎಸ್-01ರಲ್ಲಿ ಹಾರಿಸಿದ್ರು. ಅಂದ ಹಾಗೆ, ರುಬಿಡಿಯಂ ಗಡಿಯಾರದ ಒಳಗೂ ಟಿಕ್ ಟಿಕ್ ಅನ್ನೋದು ಕ್ವಾರ್ಟ್ಜ್ ಹರಳೇ. ಪರಮಾಣು ಅದರ ಕಿವಿ ಹಿಂಡ್ತಾ ಇರುತ್ತೆ, ಅಷ್ಟೇ!

ತಪ್ಪು ಬರೀ ಮ್ಯಾನೇಜರುಗಳದ್ದಲ್ಲ. ಎಲೆಕ್ಟ್ರಾನಿಕ್ಸ್ ಓದಿದ ನಮಗೆ ಕ್ರಿಸ್ಟಲ್ ಆಸಿಲೇಟರ್ ಅಂದ್ರೆ ಒಂದು ಚಿತ್ರ, ಎರಡು ಸೂತ್ರ, ಹತ್ತು ಮಾರ್ಕು. ಸೀರೀಸ್ ರೆಸೊನೆನ್ಸ್, ಪ್ಯಾರಲಲ್ ರೆಸೊನೆನ್ಸ್ ಗಿಳಿಪಾಠ ಒಪ್ಪಿಸಿ ಬಂದ್ವಿ. ಅದೇ ಹರಳಿನ ಡೇಟಾಶೀಟಿನಲ್ಲಿ ಮೂರು ಬೇರೆ ಬೇರೆ ಸಾಲು ಇರುತ್ತೆ, 25 ಡಿಗ್ರಿಯಲ್ಲಿ ಎಷ್ಟು ತಪ್ಪು, ಉಷ್ಣತೆಗೆ ಎಷ್ಟು, ವಯಸ್ಸಾದಂತೆ ವರ್ಷಕ್ಕೆ ಎಷ್ಟು, ಮೂರನ್ನೂ ಕೂಡಬೇಕು ಅಂತ ಯಾರೂ ಹೇಳಲಿಲ್ಲ. ±10, ±20, ±3 ಇದ್ರೆ ಒಟ್ಟು 33. ಜನ ಮೊದಲ ಸಾಲು ಓದಿ "ಹತ್ತೇ ಅಲ್ವಾ" ಅಂತ ಎದ್ದು ಹೋಗ್ತಾರೆ. ಲೋಡ್ ಕೆಪಾಸಿಟರ್ ಒಂದು ಪಿಕೋಫ್ಯಾರಡ್ ಆಚೀಚೆ ಆದ್ರೂ ಹತ್ತಿಪ್ಪತ್ತು ಪಿಪಿಎಂ ಜಾರಬಹುದು ಅನ್ನೋದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ.

ಸಾಫ್ಟ್‌ವೇರ್ ಬೇಡ ಅಂತ ನಾನು ಹೇಳ್ತಿಲ್ಲ, ನನ್ನ ಅನ್ನವೂ ಅದೇ. ಪ್ರತಿ ಹರಳನ್ನೂ ಬಿಸಿ-ತಂಪಿನಲ್ಲಿ ಅಳೆದು, ಪಕ್ಕದಲ್ಲೊಂದು ಉಷ್ಣತೆ ಅಳೆಯೋ ಸೆನ್ಸರ್ ಇಟ್ಟು, ಪಟ್ಟಿ ನೋಡಿ ತಿದ್ದಿದ್ರೆ ಸಾಫ್ಟ್‌ವೇರ್ ನಿಜಕ್ಕೂ ಕೆಲಸ ಮಾಡುತ್ತೆ. ಆದ್ರೆ ಅಳೆಯೋಕೆ ಸಮಯ ಬೇಕು, ದುಡ್ಡು ಬೇಕು, ಅಳೆಯೋನ ಮಾತು ಕೇಳೋ ಸೌಜನ್ಯವೂ ಬೇಕು. ನಾವು ಈ ಮೂರನ್ನೂ ಉಳಿಸೋಕೆ ಹೊರಟಾಗ ಮಾತ್ರ "ಸಾಫ್ಟ್‌ವೇರ್‌ನಲ್ಲಿ ನೋಡ್ಕೊಳ್ಳೋಣ" ಅಂತೀವಿ.

ಮುಂದಿನ ಸಲ ನಿಮ್ಮ ಮೀಟಿಂಗಿನಲ್ಲಿ ಯಾರಾದ್ರೂ ಈ ಮಾತು ತೆಗೆದ್ರೆ ದಯವಿಟ್ಟು ಒಂದೇ ಒಂದು ಪ್ರಶ್ನೆ ಕೇಳಿ: "ಸರಿ, ಯಾರ ಹತ್ತಿರ ಕಡ ತರೋಣ?" ಉತ್ತರ ಬಂದ್ರೆ ಕೋಡ್ ಬರೆಯಿರಿ. ಬರಲಿಲ್ಲ ಅಂದ್ರೆ ಆ ಹಾರ್ಡ್‌ವೇರ್ ಹುಡುಗ ಕೇಳಿದ್ದನ್ನ ಕೊಡಿಸಿ.

ನೀವೇನಂತೀರಿ? ಬೈಯೋದಿದ್ರೂ ಬೈಯಿರಿ, ಲೆಕ್ಕ ಸಮೇತ ಬೈಯಿರಿ :-)