ಅಗ್ಗದ ಮಿಸ್ತ್ರಿಯೋ, ದೊಡ್ಡ ಅಂಗಡಿಯೋ?

ಗಾಡಿಯ ಟೈರು ಹೋದರೆ ಮಾಲೀಕನಿಗೆ ಖರ್ಚು. ಗೇರ್ ಬಾಕ್ಸು ಹೋದರೆ ಖರ್ಚಿನ ಜೊತೆಗೆ ಭಯ. ಟೈರನ್ನು ಅವನು ಕಣ್ಣಾರೆ ಕಾಣಬಲ್ಲ. ಗೇರ್ ಬಾಕ್ಸಿನ ಒಳಗನ್ನು ಅವನು ಎಂದೂ ಕಂಡವನಲ್ಲ. ಮೂರನೆಯ ಗೇರು ಬೀಳುವುದಿಲ್ಲ, ಬಿದ್ದರೂ ನಿಲ್ಲುವುದಿಲ್ಲ. ಸಂತೆಗೆ ಹೋಗಬೇಕಾದ ಮಾಲು ಅಂಗಡಿಯಲ್ಲೇ ಉಳಿಯುತ್ತದೆ. ಫೈನಾನ್ಸಿನವರ ಕಂತು ಮಾತ್ರ ತಪ್ಪದೆ ಬರುತ್ತದೆ. ಆಗ ಅವನ ಮುಂದೆ ಎರಡು ದಾರಿ. ಮರದ ನೆರಳಿನಲ್ಲಿ ತಗಡಿನ ಚಪ್ಪರ ಹಾಕಿಕೊಂಡಿರುವ ಮಿಸ್ತ್ರಿ, "ಆರು ಸಾವಿರ ಕೊಡಿ ಅಣ್ಣಾ, ನಾಲ್ಕು ದಿನದಾಗ ಗಾಡಿ ತಗೊಂಡು ಹೋಗ್ರಿ" ಎನ್ನುತ್ತಾನೆ. ಹೆದ್ದಾರಿಯ ಪಕ್ಕದ ದೊಡ್ಡ ಅಂಗಡಿಯವರು ಹದಿನಾಲ್ಕು ಸಾವಿರದ ಅಂದಾಜು ಕೊಟ್ಟು, ಸಾಮಾನು ಬಂದ ಮೇಲೆ ತಿಳಿಸುತ್ತೇವೆ ಎನ್ನುತ್ತಾರೆ. ಯಾರ ಕೈಗೆ ಕೊಡಬೇಕು?

ಪಕ್ಷದ ವಾರಪತ್ರಿಕೆಗೆ ಗೇರ್ ಬಾಕ್ಸಿನ ಉಸಾಬರಿ ಏಕೆ ಎಂದು ಕೆಲವರು ಕೇಳಿಯಾರು. ಗಿರಣಿಯ ಲೆಕ್ಕ ಚುಕ್ತವಾದ ಹಣದಲ್ಲಿ ಲಗೇಜ್ ಗಾಡಿ ಕೊಂಡ ಕೆಲಸಗಾರನನ್ನು ಅವರು ಕೇಳಲಿ. ಸಾಲ ಮಾಡಿ ಗಾಡಿ ಇಟ್ಟುಕೊಂಡು ಹಳ್ಳಿ ಹಳ್ಳಿಗೆ ಕಿರಾಣಿ ಹಾಕುವ ವ್ಯಾಪಾರಿಯನ್ನು ಕೇಳಲಿ. ಅವರಿಗೆ ಆ ಗಾಡಿಯೇ ಹೊಲ, ಅದೇ ಮಗ್ಗ, ಅದೇ ಬಂಡವಾಳ. ಅದು ಹತ್ತು ದಿನ ನಿಂತರೆ ಮನೆಯ ಒಲೆ ನಿಲ್ಲುತ್ತದೆ. ಒಲೆಯ ಪ್ರಶ್ನೆ ರಾಜಕೀಯದ ಪ್ರಶ್ನೆಯಲ್ಲ ಎನ್ನುವವರ ಜೊತೆ ನಮಗೆ ವಾದವಿಲ್ಲ.

ಮಿಸ್ತ್ರಿಯನ್ನು ಆರಿಸುವುದಕ್ಕೆ ಮೊದಲು ಒಂದು ಕೆಲಸವಿದೆ. ಕೆಟ್ಟಿರುವುದು ಗೇರ್ ಬಾಕ್ಸೇ ಹೌದೇ ಎಂದು ನೋಡಬೇಕು. ಗಿರಣಿಯಲ್ಲಿ ಮಗ್ಗ ನಿಂತರೆ ತಿಳಿದ ಜಾಬರ್ ಒಮ್ಮೆಲೇ ಅದನ್ನು ಬಿಚ್ಚಿ ಹರಡುವುದಿಲ್ಲ; ಮೊದಲು ಸದ್ದು ಕೇಳುತ್ತಾನೆ, ಪಟ್ಟಿ ನೋಡುತ್ತಾನೆ. ಗಾಡಿಗೂ ಅದೇ ನ್ಯಾಯ. ಇಂಜಿನ್ ಆರಿಸಿ ಗೇರು ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಇಂಜಿನ್ ನಡೆಯುತ್ತಿರುವಾಗ ಮಾತ್ರ ಕರಕರ ಎನ್ನುತ್ತಿದ್ದರೆ ಅನುಮಾನ ಮೊದಲು ಕ್ಲಚ್ಚಿನ ಮೇಲೆ ಹೋಗಬೇಕು. ಕ್ಲಚ್ ಪೂರ್ತಿ ಬಿಡುತ್ತಿಲ್ಲ; ಕೇಬಲ್ ಬಿಗಿ ಮಾಡಿದರೆ ಮುಗಿಯುವ ಕೆಲಸವೂ ಇರಬಹುದು. ಇಂಜಿನ್ ಕೂಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ ಪ್ಲೇಟು ಸವೆದಿರುವ ಸಂಭವವೇ ಹೆಚ್ಚು. ನ್ಯೂಟ್ರಲ್ಲಿನಲ್ಲಿ ಗುಂಯ್ ಎನ್ನುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗನ್ನು ನೋಡಬೇಕು. ಹಾಕಿದ ಗೇರು ತಾನಾಗಿ ಹಾರಿ ಬಂದರೆ ಒಳಗೆ ಹಲ್ಲು ಸವೆದಿರಬೇಕು, ಇಲ್ಲವೆ ಗೇರನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗು ಸೋತಿರಬೇಕು. ಗಾಡಿಯ ಕೆಳಗೆ ಎಣ್ಣೆಯ ಕಲೆ ಇದೆಯೇ, ಗೇರ್ ಆಯಿಲ್ ಮಟ್ಟಕ್ಕಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಇಷ್ಟನ್ನು ನೋಡದೆ "ಬಾಕ್ಸ್ ಇಳಿಸಬೇಕು" ಎನ್ನುವವನು ಮರದ ಕೆಳಗಿದ್ದರೂ ಸರಿ, ಗಾಜಿನ ಬಾಗಿಲ ಹಿಂದಿದ್ದರೂ ಸರಿ, ಅವನ ಕೈಗೆ ಗಾಡಿ ಕೊಡಬಾರದು.

ಇನ್ನು ಹಣದ ಮಾತು. ಶಾಲೆಯ ಹುಡುಗರ ಲೆಕ್ಕದಂತೆ ಬಿಡಿಸಿ ನೋಡೋಣ. ಅಂಕಿಗಳು ಉದಾಹರಣೆಗೆ ಹಿಡಿದವು. ಓದುಗರು ತಮ್ಮ ತಮ್ಮ ಅಂಕಿ ಹಾಕಿಕೊಳ್ಳಲಿ. ಗಾಡಿಯ ದಿನದ ಉಳಿತಾಯ ೮೦೦ ರೂಪಾಯಿ ಎಂದಿಟ್ಟುಕೊಳ್ಳಿ. ಸಣ್ಣ ಮಿಸ್ತ್ರಿಗೆ ೬,೦೦೦, ನಿಂತ ನಾಲ್ಕು ದಿನಕ್ಕೆ ೩,೨೦೦, ಒಟ್ಟು ೯,೨೦೦ ರೂಪಾಯಿ. ದೊಡ್ಡ ಅಂಗಡಿಗೆ ೧೪,೦೦೦, ಸಾಮಾನಿಗಾಗಿ ಕಾದ ಎಂಟು ದಿನಕ್ಕೆ ೬,೪೦೦, ಒಟ್ಟು ೨೦,೪೦೦ ರೂಪಾಯಿ. ಸಣ್ಣವನ ಕೆಲಸ ಒಮ್ಮೆ ಕೆಟ್ಟು, ಎರಡನೆಯ ಸಲ ಪೂರ್ತಿ ಹಣ ಕೊಟ್ಟು ಮಾಡಿಸಿದರೂ ೧೮,೪೦೦ ಆಗುತ್ತದೆ. ಆಗಲೂ ಅವನೇ ಅಗ್ಗ. ಮೂರನೆಯ ಸಲ ಬಿಚ್ಚಿದರೆ ೨೭,೬೦೦. ಅಲ್ಲಿಗೆ ಅಗ್ಗವೆಂಬುದು ಮುಳುಗಿತು. ಆದ್ದರಿಂದ ಅಗ್ಗವೆಂದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಮತ್ತೆ ಮತ್ತೆ ಬಿಚ್ಚಿಸುವವನಿಗೆ ಹೆದರಬೇಕು.

ದೊಡ್ಡ ಅಂಗಡಿಯ ಹದಿನಾಲ್ಕು ಸಾವಿರದಲ್ಲಿ ಏನೇನಿದೆ? ನೂರಕ್ಕೆ ೧೮ ರೂಪಾಯಿ ತೆರಿಗೆ ಇದೆ. ಕಟ್ಟಡದ ಬಾಡಿಗೆ, ಕಂಪನಿಯ ಫಲಕ, ಕಾದು ಕುಳಿತವರಿಗೆ ತಂಪು ಗಾಳಿ ಇವೆ. ಬೇರಿಂಗು ಒತ್ತುವ ಪ್ರೆಸ್ಸು, ಎಳೆಯುವ ಪುಲ್ಲರು, ಅಳತೆಯ ಪುಸ್ತಕ ಇವೆ. ಇವು ನಿಜವಾದ ಬೆಲೆಯುಳ್ಳವು. ಆದರೆ ಒಳಗೆ ಗಾಡಿಯ ಕೆಳಗೆ ಮಲಗಿ ಬೋಲ್ಟು ಬಿಚ್ಚುವ ಹುಡುಗನ ಪಾಲು ಅದರಲ್ಲಿ ಎಷ್ಟು? ಬಿಲ್ಲಿನಲ್ಲಿ 'ಲೇಬರ್' ಎಂದು ಬರೆದ ಹಣವೆಲ್ಲ ಕೆಲಸಗಾರನ ಜೇಬಿಗೆ ಹೋಗುವುದಿಲ್ಲವೆಂಬುದನ್ನು ಗಿರಣಿಯಲ್ಲಿ ದುಡಿದವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಒಂದು ಬೇರಿಂಗು ಹಾಕಿದರೆ ಸಾಕಾಗುವ ಕಡೆ ಇಡೀ ಜೋಡಣೆಯನ್ನೇ ಬದಲಿಸಿ ಎನ್ನುವ ಅಭ್ಯಾಸವೂ ದೊಡ್ಡ ಅಂಗಡಿಗಳಲ್ಲಿ ಉಂಟು. ರಿಪೇರಿಗಿಂತ ಸಾಮಾನಿನ ಮಾರಾಟದಲ್ಲಿ ಲಾಭ ಹೆಚ್ಚಾದಲ್ಲಿ ಹೀಗಾಗುವುದು ಸಹಜ.

ಹಾಗೆಂದು ಮರದ ಕೆಳಗಿನವನೆಲ್ಲ ಸಾಧುವಲ್ಲ. ಬಡವನ ಕೆಲಸವೆಂಬ ಕಾರಣಕ್ಕೆ ಕೆಟ್ಟ ಕೆಲಸ ಒಳ್ಳೆಯದಾಗುವುದಿಲ್ಲ. ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ತಪ್ಪು ಕಡೆ ಬಡಿದು ಕೂರಿಸಿದರೆ ಗುಂಡುಗಳು ಓಡುವ ದಾರಿಯಲ್ಲಿ ತಗ್ಗು ಬೀಳುತ್ತದೆ, ಕೆಲವೇ ದಿನಗಳಲ್ಲಿ ಸದ್ದು ಮತ್ತೆ ಬರುತ್ತದೆ. ಹಳೆಯ ಆಯಿಲ್ ಸೀಲನ್ನೇ ಒರೆಸಿ ಹಾಕುವವರಿದ್ದಾರೆ. ಗುಜರಿಯ ಹಲ್ಲುಚಕ್ರ ಹಾಕಿ ಹೊಸದರ ಬೆಲೆ ಕೇಳುವವರಿದ್ದಾರೆ. ಚೀಟಿ ಕೇಳಿದರೆ "ನಂಬಿಕೆ ಇಲ್ಲವಾ ಅಣ್ಣಾ?" ಎಂದು ಮುಖ ಸಣ್ಣದು ಮಾಡುವವರಂತೂ ಬಹಳ. ನಂಬಿಕೆ ಇದ್ದಲ್ಲಿ ಚೀಟಿ ಬರೆಯಲು ಅಡ್ಡಿ ಏನು?

ಆದರೆ ಸಣ್ಣ ಮಿಸ್ತ್ರಿ ಹಿಂದೆ ಬಿದ್ದಿರುವುದಕ್ಕೆ ಅವನೊಬ್ಬನೇ ಕಾರಣನೆ? ೨೦೧೧ರಲ್ಲಿ ದೇಶದ ಸ್ಪರ್ಧಾ ಆಯೋಗಕ್ಕೆ ಒಂದು ದೂರು ಹೋಯಿತು. ಕಾರು ತಯಾರಿಸುವ ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ, ದೋಷ ಪತ್ತೆಮಾಡುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗಗೊಡುವುದಿಲ್ಲ ಎಂಬುದು ದೂರು. ೨೦೧೪ರ ಆಗಸ್ಟಿನಲ್ಲಿ ಆಯೋಗವು ದೂರನ್ನು ಎತ್ತಿಹಿಡಿದು ೧೪ ಕಂಪನಿಗಳ ಮೇಲೆ ಒಟ್ಟು ೨,೫೪೪ ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಹೊರಗಡೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದೆಂದೂ ಹೇಳಿತು. ಕಂಪನಿಗಳು ಸುಮ್ಮನಿರಲಿಲ್ಲ, ಮೇಲ್ಮನವಿ ಹಾಕಿದವು, ನ್ಯಾಯಾಲಯ ಹತ್ತಿದವು. ಆದರೂ ಒಂದು ಮಾತು ಬಯಲಿಗೆ ಬಂದಿತು. ಸಣ್ಣವನ ಕೈಯಿಂದ ಸಲಕರಣೆ ಕಿತ್ತುಕೊಂಡು, ಆಮೇಲೆ ಅವನಿಗೆ ಕೆಲಸ ಬಾರದೆಂದು ಹೀಯಾಳಿಸುವುದು ಬಂಡವಾಳದ ಹಳೆಯ ವರಸೆ. ಸಣ್ಣ ಯಂತ್ರ, ಸಣ್ಣ ಘಟಕಗಳ ಮೇಲೆ ದೇಶ ಕಟ್ಟಬೇಕೆಂದು ಡಾ. ಲೋಹಿಯಾ ಅವರು ವಾದಿಸಿದ್ದು ಇಂತಹ ಕೈಗಳನ್ನು ಎಣಿಸಿಯೇ ಎಂದು ನಾವು ನಂಬಿದ್ದೇವೆ.

ಹಾಗಾದರೆ ಆಯ್ಕೆ ಹೇಗೆ? ಬೆಲೆಯನ್ನು ಕೊನೆಗೆ ಕೇಳಿ. ಮೊದಲು ಇಬ್ಬರಿಗೂ ಒಂದೇ ನಾಲ್ಕು ಪ್ರಶ್ನೆ ಹಾಕಿ. ಒಂದು: ದೋಷ ಏನೆಂದು ಗಾಡಿ ಓಡಿಸಿ ನೋಡಿ ಹೇಳುತ್ತೀರಾ? ಎರಡು: ಬಾಕ್ಸು ಬಿಚ್ಚಿದ ಮೇಲೆ ನನ್ನನ್ನು ಕರೆದು, ಕೆಟ್ಟ ಭಾಗ ತೋರಿಸಿ, ಆಮೇಲೆ ಸಾಮಾನು ತರಿಸುತ್ತೀರಾ? ಮೂರು: ತೆಗೆದ ಹಳೆಯ ಭಾಗಗಳನ್ನು ನನ್ನ ಕೈಗೆ ಕೊಡುತ್ತೀರಾ? ನಾಲ್ಕು: ಹಾಕಿದ ಸಾಮಾನು, ಕೂಲಿ, ಎಷ್ಟು ತಿಂಗಳ ಹೊಣೆ ಎಂಬುದನ್ನು ಚೀಟಿಯಲ್ಲಿ ಬರೆದು ಸಹಿ ಹಾಕುತ್ತೀರಾ? ನಾಲ್ಕಕ್ಕೂ ಹೌದೆಂದವನೇ ನಿಮ್ಮ ಮಿಸ್ತ್ರಿ. ಕೈಯಿಂದ ಹಾಕುವ ಸಾಮಾನ್ಯ ಗೇರ್ ಬಾಕ್ಸಿಗೆ, ಪ್ರೆಸ್ಸು ಇರುವ ಅಥವಾ ಲೇತ್ ಅಂಗಡಿಯಲ್ಲಿ ಆ ಕೆಲಸ ಮಾಡಿಸಿಕೊಂಡು ಬರುವ ಸಣ್ಣ ಮಿಸ್ತ್ರಿ ಸಾಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯ ಅಂಗಡಿಗೇ ಒಯ್ಯಿರಿ. ಅವರು ಪುಕ್ಕಟೆ ಮಾಡಬೇಕಾದ ಕೆಲಸಕ್ಕೆ ಹೊರಗೆ ಹಣ ಕೊಡುವುದು ಜಾಣತನವಲ್ಲ. ತಾನೇ ಗೇರು ಬದಲಿಸಿಕೊಳ್ಳುವ ಹೊಸ ಮಾದರಿಯ ಗಾಡಿಗಳಾದರೆ, ಅದಕ್ಕೆ ಬೇಕಾದ ಉಪಕರಣ ಇದ್ದವನ ಹತ್ತಿರವೇ ಹೋಗಬೇಕು.

ಕಾನೂನು ನಿಮ್ಮ ಪಾಲಿಗೆ ಪೂರ್ತಿ ಸತ್ತಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಯೆಂದು ಎಣಿಸುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು ಬಳಸುವ ಗಾಡಿಯನ್ನು ವಾಣಿಜ್ಯದ ಗಾಡಿಯೆಂದು ಅದು ತಳ್ಳಿಹಾಕುವುದಿಲ್ಲ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ನಿಂತು ಮಾತಾಡಬಹುದು. ಎರಡು ವರ್ಷದೊಳಗೆ ದೂರು ಹೋಗಬೇಕು. ೧೯೧೫ ಎಂಬ ಸಹಾಯವಾಣಿಯೂ ಇದೆ. ಆದರೆ ಆಯೋಗದ ಮುಂದೆ ಮಾತಾಡುವುದು ಚೀಟಿ. ಚೀಟಿ ಇಲ್ಲದವನ ಸತ್ಯಕ್ಕೆ ಸಾಕ್ಷಿ ಹುಡುಕುವುದು ಕಷ್ಟ.

ಒಬ್ಬೊಬ್ಬರೇ ಹೋಗಿ ಈ ಪ್ರಶ್ನೆ ಕೇಳಿದರೆ ಮಿಸ್ತ್ರಿ ನಕ್ಕು ಕಳಿಸಬಹುದು, ಅಂಗಡಿಯವರು ಕೇಳಿಸದಂತೆ ಇರಬಹುದು. ಲಗೇಜ್ ಗಾಡಿಯವರ ಸಂಘ ಒಟ್ಟಾಗಿ ಕೇಳಿದರೆ ಇಬ್ಬರೂ ಉತ್ತರ ಕೊಡುತ್ತಾರೆ. ಸಂಘವು ಚೀಟಿ ಬರೆದುಕೊಡುವ ಮಿಸ್ತ್ರಿಗಳ ಪಟ್ಟಿ ಇಡಲಿ. ಕೆಲಸ ಕೆಟ್ಟಾಗ ಆ ಪಟ್ಟಿಯಲ್ಲಿ ಗುರುತು ಹಾಕಲಿ. ಹತ್ತು ಮಿಸ್ತ್ರಿಗಳು ಸೇರಿ ಒಂದು ಪ್ರೆಸ್ಸು, ಒಂದು ಪುಲ್ಲರ್ ಸೆಟ್ಟು ಕೊಳ್ಳಲು ಸಹಕಾರಿ ಬ್ಯಾಂಕು ಸಾಲ ಕೊಡಲಿ. ಐ.ಟಿ.ಐ.ಯ ಬಾಗಿಲು ಸಂಜೆಯ ಹೊತ್ತು ಈ ಹುಡುಗರಿಗೆ ತೆರೆಯಲಿ. ಸ್ಪ್ಯಾನರ್ ಹಿಡಿದ ಕೈಗೆ ಅಳತೆಯ ವಿದ್ಯೆಯೂ ಬರಲಿ. ಇವು ಭಿಕ್ಷೆಯ ಮಾತಲ್ಲ, ಹಕ್ಕಿನ ಮಾತು.

ಗಾಡಿ ಓಡಿಸುವವನೂ ದುಡಿಯುವವನೇ, ಅದನ್ನು ರಿಪೇರಿ ಮಾಡುವವನೂ ದುಡಿಯುವವನೇ. ಒಬ್ಬನ ಅಗ್ಗಕ್ಕಾಗಿ ಇನ್ನೊಬ್ಬ ಸೊರಗಬಾರದು. ಒಬ್ಬನ ಉಡಾಫೆಯಿಂದ ಇನ್ನೊಬ್ಬನ ಒಲೆ ಆರಬಾರದು. ಹೊಣೆ ಹೊರುವ ಮಿಸ್ತ್ರಿಗೆ ನ್ಯಾಯವಾದ ಕೂಲಿ ಕೊಡಿ, ಚೌಕಾಸಿ ಮಾಡಿ ಅವನ ಕೈ ಕಟ್ಟಬೇಡಿ. ಹೊಣೆ ಹೊರದವನ ಮುಂದೆ, ಅವನು ಎಷ್ಟೇ ಅಗ್ಗವಾಗಿರಲಿ, ಎಷ್ಟೇ ದೊಡ್ಡ ಫಲಕ ಹಾಕಿರಲಿ, ಗಾಡಿಯ ಕೀಲಿಯನ್ನು ಜೇಬಿನಿಂದ ತೆಗೆಯಬೇಡಿ.