ಹಾಜರಿ ಪಟ್ಟಿ ಓದಿದ ಮೇಲೆ

ಕಡತ ಬಯಲಿಗಿಟ್ಟರೆ ಆಡಳಿತ ಪಾರದರ್ಶಕವಾಯಿತು ಎಂದು ನಾವು ಸುಲಭವಾಗಿ ನಂಬುತ್ತೇವೆ. ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಕೂಲಿಕಾರರ, ರೈತರ ಸಂಘಟನೆ 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಆರಂಭಿಸಿದ ಜನಸುನವಾಯಿಗಳು, ಅಂದರೆ ಸಾರ್ವಜನಿಕ ಅಹವಾಲು ಸಭೆಗಳು, ಬೇರೆಯದೇ ಪಾಠ ಹೇಳುತ್ತವೆ. ಅಲ್ಲಿ ಕಾಮಗಾರಿಗಳ ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕಚೇರಿಯೊಳಗೆ ಆ ಕಾಗದಗಳಿಗೆ ತಪ್ಪೇ ಇರಲಿಲ್ಲ. ಕೂಡಿದರೆ ಮೊತ್ತ ಸರಿ, ಸಹಿಯೂ ಸರಿ. ಪಟ್ಟಿಯಲ್ಲಿರುವವರು ಆ ದಿನ ಗುದ್ದಲಿ ಹಿಡಿದಿದ್ದರೇ ಎಂಬುದು ಮಾತ್ರ ಪಕ್ಕದಲ್ಲಿ ದುಡಿದವರಿಗೆ ಗೊತ್ತಿತ್ತು. ಹಾಗಾಗಿ ಜನರ ಭಾಗವಹಿಸುವಿಕೆ ಸಭೆಯ ಶೋಭೆಗೆ ಸೇರಿಸುವ ಸಂಗತಿಯಲ್ಲ. ಮಾಹಿತಿಯನ್ನು ಒರೆಗೆ ಹಚ್ಚುವ ಕಲ್ಲೇ ಅದು. ಆದರೂ ಆ ಸಭೆಗಳಿಗೆ ಹಣ ಮರಳಿಸುವ ಅಧಿಕಾರವಿರಲಿಲ್ಲ. ಕೆಲವೆಡೆ ನುಂಗಿದ ಹಣ ಹಿಂದಿರುಗಿತು, ಹಲವೆಡೆ ಇಲ್ಲ.

ಆ ಸಭೆಗಳಿಗಿಲ್ಲದ ಕಾನೂನಿನ ಬಲವನ್ನು 2005ರ ಎರಡು ಕಾಯ್ದೆಗಳು ಒಂದಿಷ್ಟು ಕೊಟ್ಟವು. ಮಾಹಿತಿ ಹಕ್ಕು ಕಾಯ್ದೆ ಕೇಳಿದ ಮಾಹಿತಿ ಕೊಡಲು 30 ದಿನಗಳ ಗಡುವು ಹಾಕಿ, ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸಿತು. ಉದ್ಯೋಗ ಖಾತರಿ ಕಾಯ್ದೆ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತು. ಆದರೂ ಪರಿಶೋಧನೆಯಲ್ಲಿ ಪತ್ತೆಯಾದ ದುರುಪಯೋಗದಲ್ಲಿ ವಸೂಲಾದದ್ದು ಸಣ್ಣ ಪಾಲು. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಕರ್ನಾಟಕದ ಸಕಾಲ ಕಾಯ್ದೆ ಉತ್ತರದಾಯಿತ್ವದ ಮತ್ತೊಂದು ಮಗ್ಗುಲು. ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಇಲ್ಲಿ ಉತ್ತರದಾಯಿತ್ವವಿದೆ, ನಿಜ. ಆದರೆ ಈ ಪರಿಹಾರ ಕೇಳುವುದು ‘ಯಾವಾಗ’ ಎಂದು ಮಾತ್ರ, ‘ಯಾಕೆ’ ಎಂದಲ್ಲ. ವಿಧವೆಯೊಬ್ಬಳ ಪಿಂಚಣಿ ಅರ್ಜಿಯನ್ನು ಗಡುವಿನೊಳಗೆ ಅನ್ಯಾಯವಾಗಿ ತಿರಸ್ಕರಿಸಿದರೂ ಗಡುವು ಪಾಲಿಸಿದಂತೆಯೇ.

ಇಷ್ಟೆಲ್ಲ ಪ್ರಶ್ನೆಗೊಡ್ಡಿದರೆ ಅಧಿಕಾರಿ ತೀರ್ಮಾನ ತೆಗೆದುಕೊಳ್ಳಲೇ ಹೆದರುತ್ತಾನೆ ಎನ್ನುವವರಿದ್ದಾರೆ. ಕಾರಣ ಬರೆದಿಡದ ತೀರ್ಮಾನಕ್ಕಷ್ಟೇ ಆ ಹೆದರಿಕೆ. ಬಾಧಿತರಿಗೆ ಕಾರಣ ತಿಳಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಪ್ರಾಮಾಣಿಕನಿಗೆ ಅದೇ ರಕ್ಷಣೆ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಗ್ರಾಮಸಭೆಯಲ್ಲಿ ಮಾತಾಡುವವರು ಬಲಾಢ್ಯರೇ, ಕೂಲಿ ಹೆಂಗಸು ಹಿಂದಿನ ಸಾಲಿನಲ್ಲಿ ಮೌನ. ಇದನ್ನು ಅಲ್ಲಗಳೆಯಲಾಗದು. ಆದರೆ ಬರಿಗೈಯಲ್ಲಿ ಅವಳಾಡಿದ್ದು ದೂರು, ಹಾಜರಿ ಪಟ್ಟಿ ಎದುರಿಗಿದ್ದಾಗ ಆಡಿದ್ದು ಸಾಕ್ಷ್ಯ. ಪಟ್ಟಿಯನ್ನು ಹೊರಗಿನಿಂದ ಬಂದ ಪರಿಶೋಧಕರು ಓದಬೇಕು, ಅದಕ್ಕೂ ಮೊದಲು ಮನೆಮನೆಗೆ ಹೋಗಿ ಅವಳನ್ನು ಕೇಳಿರಬೇಕು. ಮುಂದಿನ ಗ್ರಾಮಸಭೆ ಹೊಸ ಕಾಮಗಾರಿಯ ಮಾತೆತ್ತುವ ಮುನ್ನ, ಹಿಂದಿನ ಸಲ ಅವಳು ತೋರಿಸಿಕೊಟ್ಟ ಹಣ ಎಷ್ಟು ಮರಳಿತು, ಉಳಿದದ್ದಕ್ಕೆ ಯಾರು ಹೊಣೆ ಎಂಬುದನ್ನು ಅವಳ ಎದುರೇ ಓದಿ ಹೇಳಬೇಕು.