ಗುರಿಗೆ ಗಂಡು ಹೆಣ್ಣೆಂಬ ಭೇದವುಂಟೆ?

ಎಸೆದ ಕಾಯಗಳ ಚಲನೆಯನ್ನು ಬೋಧಿಸುವಾಗ ನಾವು ಪ್ರತಿವರ್ಷವೂ ಒಂದು ಹಳೆಯ ಲೆಕ್ಕವನ್ನು ಕೊಡುವುದುಂಟು. ಮರದ ಕೊಂಬೆಗೆ ಜೋತುಬಿದ್ದ ಕೋತಿಗೆ ಬೇಟೆಗಾರನೊಬ್ಬನು ನೇರವಾಗಿ ಗುರಿಯಿಡುತ್ತಾನೆ. ಕೋವಿ ಹಾರಿದ ಕ್ಷಣದಲ್ಲೇ ಕೋತಿ ಕೊಂಬೆಯನ್ನು ಬಿಟ್ಟು ಬೀಳುತ್ತದೆ. ಗುಂಡು ಅದಕ್ಕೆ ತಗಲುವುದೆ? ತಗಲುವುದು. ಏಕೆಂದರೆ ಗುಂಡೂ ಕೋತಿಯೂ ಒಂದೇ ವೇಗೋತ್ಕರ್ಷದಿಂದ ಬೀಳುತ್ತವೆ. ಮೂರು ವರ್ಷಗಳ ಹಿಂದೆ ಈ ಲೆಕ್ಕ ಮುಗಿದೊಡನೆ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಬೇಟೆಗಾರ್ತಿಯಾದರೆ ಉತ್ತರ ಬದಲಾಗುವುದೆ, ಸಾರ್?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು.

ಆಕೆ ವಿನೋದಕ್ಕಾಗಿ ಕೇಳಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಎನ್.ಸಿ.ಸಿ. ಶಿಬಿರದಲ್ಲಿ ಆಕೆ ರೈಫಲ್ಲಿನಿಂದ ಚೆನ್ನಾಗಿ ಗುರಿ ಹೊಡೆದಿದ್ದಳು. ಅಭ್ಯಾಸವನ್ನು ಮುಂದುವರಿಸಬೇಕೆಂಬ ಆಸೆಯಿತ್ತು. ಆಕೆಯ ತಂದೆ ಕಾಲೇಜಿಗೇ ಬಂದು, “ಕೋವಿ ಹಿಡಿದ ಹುಡುಗಿಯನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ, ಮೇಷ್ಟ್ರೇ? ನೀವಾದರೂ ಬುದ್ಧಿ ಹೇಳಿ” ಎಂದರು. “ಮೊದಲು ಪರೀಕ್ಷೆ ಮುಗಿಸಮ್ಮ, ಆಮೇಲೆ ನೋಡೋಣ” ಎಂದು ನಾವು ಹೇಳಿಕಳಿಸಿದೆವು. ಅದು ಬುದ್ಧಿವಾದವಾಗಿರಲಿಲ್ಲ, ನುಣುಚಿಕೊಳ್ಳುವ ಉಪಾಯವಾಗಿತ್ತು. ಆಕೆ ಮತ್ತೆ ರೈಫಲ್ಲನ್ನು ಮುಟ್ಟಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಗುಂಡು ಹೊಡೆಯುವ ಕ್ರೀಡೆ ಸ್ತ್ರೀಯರಿಗೆ ತಕ್ಕುದಲ್ಲವೆನ್ನುವವರು ಮೊದಲು ಮುಂದಿಡುವ ವಾದ ಬಲದ್ದು. ಇದನ್ನು ಭೌತಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡೋಣ. ಏರ್ ಪಿಸ್ತೂಲಿನ ಸ್ಪರ್ಧೆಯಲ್ಲಿ ಗುರಿ 10 ಮೀಟರು ದೂರದಲ್ಲಿರುತ್ತದೆ. ಸುಮಾರು ಅರ್ಧ ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 170 ಮೀಟರು ವೇಗದಲ್ಲಿ ಹೊರಟು, ಒಂದು ಸೆಕೆಂಡಿನ ಹದಿನೇಳನೆಯ ಒಂದು ಭಾಗದಲ್ಲಿ ಗುರಿಯನ್ನು ಸೇರುತ್ತದೆ. ಸಂವೇಗ ಸಂರಕ್ಷಣೆಯ ನಿಯಮದಂತೆ ಲೆಕ್ಕಹಾಕಿದರೆ, ಒಂದು ಕಿಲೋಗ್ರಾಂ ತೂಕದ ಪಿಸ್ತೂಲು ಗುಂಡಿನ ಪ್ರತಿಕ್ರಿಯೆಯಿಂದ ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ ಎಂಟೊಂಬತ್ತು ಸೆಂಟಿಮೀಟರು ಮಾತ್ರ. ಬಾವಿಯಿಂದ ಕೊಡ ನೀರು ಸೇದುವ ತೋಳಿಗೆ ಇದೊಂದು ಹೊರೆಯೆ?

ನಿಜವಾದ ಕಷ್ಟ ಬೇರೆಡೆ ಇದೆ. ಪಿಸ್ತೂಲಿನ ಹಿಂದಿನ ನೋಟಕ್ಕೂ ಮುಂದಿನ ನೋಟಕ್ಕೂ ನಡುವಣ ಅಂತರ ಸುಮಾರು ಮೂರನೆಯ ಒಂದು ಮೀಟರೆಂದು ಇಟ್ಟುಕೊಳ್ಳೋಣ. ಸಮರೂಪ ತ್ರಿಭುಜಗಳ ನಿಯಮದಂತೆ, ಅಲ್ಲಿ ಒಂದು ಮಿಲಿಮೀಟರು ತಪ್ಪಿದರೆ ಗುರಿಯಲ್ಲಿ 30 ಮಿಲಿಮೀಟರು ತಪ್ಪುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೋ 11.5 ಮಿಲಿಮೀಟರು, ಬರಬೇಕಾದ ಹತ್ತು ಏಳಕ್ಕೆ ಇಳಿಯುತ್ತದೆ! ಆದುದರಿಂದ ಇಲ್ಲಿ ಬೇಕಾದುದು ಉಸಿರಿನ ಹಿಡಿತ, ನಿಲುವಿನ ಸ್ಥೈರ್ಯ, ಬೆರಳಿನ ಸಂಯಮ, ಒಂದು ಗುಂಡು ಕೆಟ್ಟರೆ ಮುಂದಿನದಕ್ಕೆ ಆ ಕೊರಗನ್ನು ಒಯ್ಯದ ಮನಸ್ಸು. ಇವು ಅಭ್ಯಾಸದಿಂದ ಬರತಕ್ಕವು.

ಅನುಭವ ಏನು ಹೇಳುತ್ತದೆ? 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಸ್ಪರ್ಧಿಸಬಹುದಾಗಿದ್ದ ಮೂರು ಭಂಗಿಗಳ ರೈಫಲ್ ಪಂದ್ಯದಲ್ಲಿ ಅಮೆರಿಕದ ಮಾರ್ಗರೆಟ್ ಮರ್ಡಾಕ್ ಮತ್ತು ಲ್ಯಾನಿ ಬಾಶಮ್ ಇಬ್ಬರೂ 1162 ಅಂಕಗಳನ್ನು ಗಳಿಸಿದರು. ಸಮಾಂಕ ಬಿಡಿಸುವ ನಿಯಮದಂತೆ ಚಿನ್ನದ ಪದಕ ಬಾಶಮ್‌ಗೆ ಸಂದಿತು. ರಾಷ್ಟ್ರಗೀತೆಯ ವೇಳೆಯಲ್ಲಿ ಆತ ಮರ್ಡಾಕ್‌ರನ್ನು ಕೈಹಿಡಿದು ತನ್ನ ಮೆಟ್ಟಿಲಿಗೇ ಹತ್ತಿಸಿಕೊಂಡ. ಗೆದ್ದವನಿಗಿದ್ದ ಆ ವಿವೇಕ ಕ್ರೀಡಾಸಂಸ್ಥೆಗಳಿಗೆ ಬರಲು ಬಹುಕಾಲ ಬೇಕಾಯಿತು.

1992ರ ಬಾರ್ಸಿಲೋನಾ ಕ್ರೀಡಾಕೂಟದಲ್ಲಿ ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವ ಸ್ಕೀಟ್ ಪಂದ್ಯವೂ ಇಬ್ಬರಿಗೂ ತೆರೆದಿತ್ತು. ಇಲ್ಲಿ ಚರೆಕೋವಿ ಭುಜಕ್ಕೆ ಬಲವಾಗಿಯೇ ಒದೆಯುತ್ತದೆ. ಚೀನಾದ ಝಾಂಗ್ ಶಾನ್ ಎಂಬ ತರುಣಿ ಅಂತಿಮಕ್ಕೆ ಮುಂಚಿನ ಇನ್ನೂರು ಬಿಲ್ಲೆಗಳಲ್ಲಿ ಒಂದನ್ನೂ ಬಿಡದೆ ಹೊಡೆದು, ಒಟ್ಟು 225ರಲ್ಲಿ 223ನ್ನು ಸಾಧಿಸಿ ಚಿನ್ನವನ್ನು ಗೆದ್ದಳು. ಮುಂದೇನಾಯಿತು? 1996ರ ಅಟ್ಲಾಂಟಾದಲ್ಲಿ ಸ್ಕೀಟ್ ಗಂಡಸರಿಗೆ ಮಾತ್ರ ಮೀಸಲಾಯಿತು. ಹೆಂಗಸರಿಗೆ ಬೇರೆ ಪಂದ್ಯವೂ ಇರಲಿಲ್ಲ. 2000ದ ಸಿಡ್ನಿಯಲ್ಲಿ ಪ್ರತ್ಯೇಕ ಪಂದ್ಯ ಏರ್ಪಡುವವರೆಗೆ, ಗೆದ್ದವಳಿಗೆ ತನ್ನ ಪದಕವನ್ನು ಉಳಿಸಿಕೊಳ್ಳಲು ಸ್ಪರ್ಧಿಸುವ ಹಕ್ಕೇ ಇಲ್ಲವಾಯಿತು. ಏರ್ ರೈಫಲ್ ಮತ್ತು ಏರ್ ಪಿಸ್ತೂಲುಗಳಲ್ಲಿಯೂ 2017ರ ಕೊನೆಯವರೆಗೆ ಗಂಡಸರಿಗೆ 60 ಗುಂಡುಗಳು, ಹೆಂಗಸರಿಗೆ 40. 2018ರಿಂದ ಇಬ್ಬರಿಗೂ 60 ಆದಾಗ ಯಾವ ಅನರ್ಥವೂ ಸಂಭವಿಸಲಿಲ್ಲ. ಅಮೆರಿಕದ ಕಾಲೇಜುಗಳ ರೈಫಲ್ ಪಂದ್ಯಗಳಲ್ಲಿ ಹುಡುಗರೂ ಹುಡುಗಿಯರೂ ಒಂದೇ ಸಾಲಿನಲ್ಲಿ ನಿಂತು ಸ್ಪರ್ಧಿಸುತ್ತಾರೆ; ಅವರ ಅಂಕಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗಣನೀಯವಾದ ಅಂತರ ಕಂಡುಬರಲಿಲ್ಲ. ಮಿತಿಯೆಂದು ನಾವು ತಿಳಿದದ್ದು ದೇಹದ್ದಲ್ಲ, ನಿಯಮಾವಳಿಯದು.

ನಮ್ಮ ದೇಶದಲ್ಲಿಯೂ ನಿದರ್ಶನಗಳಿಗೆ ಕೊರತೆಯಿಲ್ಲ. ಉತ್ತರ ಪ್ರದೇಶದ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಅರವತ್ತು ದಾಟಿದ ಮೇಲೆ, ಮೊಮ್ಮಗಳ ಜೊತೆಗೆ ಹೋಗಿ ಪಿಸ್ತೂಲು ಹಿಡಿದರು. 2021ರಲ್ಲಿ ತೀರಿಕೊಳ್ಳುವ ವೇಳೆಗೆ ಅವರ ಹೆಸರು ದೇಶಕ್ಕೆಲ್ಲ ಪರಿಚಿತವಾಗಿತ್ತು. ಬೆಂಗಳೂರಿನ ಟಿ. ಎಸ್. ದಿವ್ಯಾ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿಯ ಪದಕಗಳಲ್ಲಿ ಪಾಲು ಪಡೆದರು. 2024ರ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚಿನ ಪದಕಗಳನ್ನು ತಂದರು. ಆದರೆ ಇಂಥವರನ್ನು ನಾವು ಹೊಗಳುವ ಬಗೆಯನ್ನು ಗಮನಿಸಿ: “ಬಳೆ ತೊಟ್ಟ ಕೈಯಲ್ಲಿ ಪಿಸ್ತೂಲು!” ಗಂಡಸಿನ ಗೆಲುವನ್ನು ಸಾಧನೆಯೆಂದೂ ಹೆಂಗಸಿನ ಗೆಲುವನ್ನು ಸೋಜಿಗವೆಂದೂ ಬಗೆಯುವ ಈ ಹೊಗಳಿಕೆ, ಹಳೆಯ ತಾತ್ಸಾರದ್ದೇ ಇನ್ನೊಂದು ಮುಖ. ಬೇಲೂರಿನ ಶಿಲ್ಪಿಗಳು ಹನ್ನೆರಡನೆಯ ಶತಮಾನದಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ಉಳಿದ ಮದನಿಕೆಯರ ಸಾಲಿನಲ್ಲೇ ನಿಲ್ಲಿಸಿದರು. ನಮಗೇಕೆ ಇಷ್ಟು ಬೆರಗು?

ಆಯುಧವೆಂದರೆ ಅಂಜುವವರ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೋವಿಯಿಂದ ಲೋಕದಲ್ಲಿ ಆಗಿರುವ ಕೇಡು ಅಲ್ಪವಲ್ಲ. ಆದರೆ ಆ ಅಂಜಿಕೆ ನ್ಯಾಯವಾದುದಾದರೆ ಮಗನ ವಿಷಯದಲ್ಲಿಯೂ ಅಷ್ಟೇ ಇರಬೇಕು. ಮಗನು ಹಿಡಿದರೆ ಶೌರ್ಯ, ಮಗಳು ಹಿಡಿದರೆ ಅಪಾಯ ಎನ್ನುವುದು ಅಂಜಿಕೆಯಲ್ಲ, ಪಕ್ಷಪಾತ. ಖರ್ಚಿನ ಮಾತೂ ಹಾಗೆಯೇ. ಈ ಕ್ರೀಡೆ ದುಬಾರಿ ನಿಜ, ಆದರೆ ದುಬಾರಿಯೆಂಬುದು ನೆನಪಾಗುವುದು ಮಗಳ ಸರದಿ ಬಂದಾಗಲೇ ಏಕೆ?

ಎಲ್ಲ ಹುಡುಗಿಯರೂ ಪಿಸ್ತೂಲು ಹಿಡಿಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಯಾವುದೇ ಕೆಲಸ ಯಾರಿಂದ ಸಾಧ್ಯ, ಯಾರಿಂದ ಅಸಾಧ್ಯವೆಂಬುದನ್ನು ಪರೀಕ್ಷಿಸದೆ ತೀರ್ಮಾನಿಸಬಾರದೆಂಬುದೇ ವಿಜ್ಞಾನದ ಮೊದಲ ಪಾಠ. ಆ ಪಾಠವನ್ನು ಹೇಳಿಕೊಡಬೇಕಾದ ನಾವೇ ಒಮ್ಮೆ ಅದನ್ನು ಮರೆತೆವು. ಈಗ ನಮ್ಮ ತರಗತಿಯಲ್ಲಿ ಆ ಹಳೆಯ ಲೆಕ್ಕ ಒಂದು ವರ್ಷ ಬೇಟೆಗಾರನದು, ಮರುವರ್ಷ ಬೇಟೆಗಾರ್ತಿಯದು. ಉತ್ತರ ಬದಲಾಗಿಲ್ಲ. ಆ ವಿದ್ಯಾರ್ಥಿನಿ ಇದನ್ನು ಓದಿದರೆ, ಅಂದು ನಕ್ಕದ್ದಕ್ಕಾಗಿ ನಮ್ಮನ್ನು ಕ್ಷಮಿಸಲಿ.